ತಿಳಿದ ಮೇಲೇ ಪೆನ್ನು

ಹಡ್ಸನ್ ನದಿಯ ಮೇಲೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಜರ್ಸಿ ಸಿಟಿಯ ಪರೋಲ್ ಕಚೇರಿಯಲ್ಲಿ ಅಧಿಕಾರಿಯಾಗಿರುವ ಧಾರವಾಡದ ಪದ್ಮಜಾ ಆಗಲೇ ಸೀರೆಯ ಮೇಲೆ ಸ್ವೆಟರ್ ಏರಿಸಿ ಕೂತಿದ್ದಾರೆ. ಎದುರಿಗೆ ಜೈಲಿನಿಂದ ಈಗಷ್ಟೇ ಹೊರಬಂದ ನಡುವಯಸ್ಸಿನ ಎಡ್ಡಿ. ಬಿಡುಗಡೆಯ ಷರತ್ತುಗಳಿಗೆ ಸಹಿ ಹಾಕಿ ಓಡುವ ಆತುರ ಅವನಿಗೆ. ಪೆನ್ನು ಮಾತ್ರ ಪದ್ಮಜಾರ ಮುಷ್ಟಿಯಲ್ಲಿದೆ. ಓದಿ ಹೇಳಿದ್ದನ್ನು ಅವನು ತನ್ನ ಮಾತಿನಲ್ಲಿ ತಿರುಗಿ ಹೇಳುವ ತನಕ ಅದು ಕದಲುವುದಿಲ್ಲ.

“ಪ್ರೊಬೇಷನ್ ಅಂದ್ರ ಜೈಲಿಗೆ ಕಳಸದ ಕಣ್ಣಿಡೋದು. ಪರೋಲ್ ಅಂದ್ರ ಮೊದಲ ಬಿಟ್ಟು, ಆಮ್ಯಾಲೆ ಕಣ್ಣಿಡೋದು. ಇಷ್ಟು ತಿಳಿಸಾಕ ಏನ್ ಕಷ್ಟ ಐತ್ರೀ?” ಎಂದು ನಮ್ಮತ್ತ ತಿರುಗಿ ನಗುತ್ತಾರೆ.

ಈ ಹಟ ತಂದೆಯಿಂದ ಬಂದದ್ದು. ಧಾರವಾಡದಲ್ಲಿ ವಕೀಲರ ಗುಮಾಸ್ತರಾಗಿದ್ದ ಅವರು, ಕಾಗದದಲ್ಲಿ ಏನಿದೆಯೆಂದು ಕಕ್ಷಿದಾರ ಹೇಳುವ ತನಕ ಹೆಬ್ಬೆಟ್ಟಿಗೆ ಮಸಿ ಕೊಡುತ್ತಿರಲಿಲ್ಲ. ಮೇಲಧಿಕಾರಿ ಮಾರ್ಗರೆಟ್‌ಗೆ ಪದ್ಮಜಾರ ಈ ಪದ್ಧತಿ ಮೊದಮೊದಲು ದೊಡ್ಡ ತಲೆನೋವು. ಹೊರಗೆ ಸಾಲು ಬೆಳೆಯುತ್ತಿದೆಯೆಂದು ಗದರಿ, ಅವರನ್ನು ಫೈಲು ಜೋಡಿಸಲು ಹಾಕಿದ್ದೂ ಉಂಟು.

ಆಗಲೇ ಪರೋಲ್ ಮೇಲೆ ಹೊರಗಿದ್ದ ರಮೋನ್ ಸಿಕ್ಕಿಬಿದ್ದದ್ದು. 1973ರ ಚಳಿಗಾಲ. ಬೇರೊಬ್ಬರ ಮೇಜಿನಲ್ಲಿ ಗಡಿಬಿಡಿಯಿಂದ ಸಹಿ ಹಾಕಿ ಹೋದ ಆತ, ಹೋಬೋಕನ್‌ನಿಂದ ದಿನಾ ಟ್ರೇನ್ ಹತ್ತಿ ನದಿಯಾಚೆ ಮ್ಯಾನ್‌ಹಟನ್‌ನ ಬೇಕರಿಗೆ ದುಡಿಯಲು ಹೋಗುತ್ತಿದ್ದ. ಅನುಮತಿಯಿಲ್ಲದೆ ರಾಜ್ಯ ಬಿಡುವಂತಿಲ್ಲ ಎಂಬುದು ಷರತ್ತು. ಊರಿಗೆ ಊರೇ ಬೆಳಗಾದರೆ ದಾಟುವ ನದಿ, ಅದೂ ರಾಜ್ಯ ಬಿಟ್ಟ ಲೆಕ್ಕವೆಂದು ಪಾಪ, ಅವನಿಗೆ ಹೊಳೆದೇ ಇರಲಿಲ್ಲ. ಅವನನ್ನು ಮತ್ತೆ ಜೈಲಿಗೆ ಕಳಿಸಬೇಕೇ ಎಂದು ವಿಚಾರಣೆ ಶುರುವಾಯಿತು.

ಯಾರೂ ಕರೆಯದಿದ್ದರೂ ಪದ್ಮಜಾ ಅಲ್ಲಿ ಹೋಗಿ ನಿಂತರು. “ಓಡಿ ಹೋಗಾವ ದಿನಾ ಸಂಜೀಗೆ ಮನೀಗೆ ಯಾಕ ಬರ್ತಾನ? ತಿಳಸದ ಸಹಿ ಮಾಡಿಸಿದ್ದು ನಮ್ಮ ತಪ್ಪು ಅಂತ ಹೇಳಿದ್ನಿ.”

ರಮೋನ್ ಜೈಲಿಗೆ ಹೋಗದೆ ಉಳಿದುಕೊಂಡ. ಕೆಲಸಕ್ಕಾಗಿ ನದಿ ದಾಟಲು ಅನುಮತಿಯೂ ಸಿಕ್ಕಿತು. ಮರುದಿನ ಮಾರ್ಗರೆಟ್ ತಾವೇ ಪದ್ಮಜಾರನ್ನು ಹಳೆಯ ಮೇಜಿಗೆ ಕರೆತಂದು ಪೆನ್ನು ಕೈಗಿಟ್ಟರು. ಈಗ ಇಡೀ ಕಚೇರಿಯ ಪದ್ಧತಿಯೇ ಇದು. ಗೆಲುವೆಂದರೆ ಇದಲ್ಲವೇ!

ಇತ್ತ ಎಡ್ಡಿ ತಡವರಿಸುತ್ತಾನೆ: “ನದಿಯ ಆಚೆ ಬೇರೆ ರಾಜ್ಯ. ಕೇಳದೆ ದಾಟಬಾರದು.” ಅಷ್ಟಕ್ಕೇ ನಿಲ್ಲದೆ, “ಅಲ್ಲಿ ನನ್ನ ತಾಯಿ ಇದ್ದಾಳೆ ಮೇಡಂ. ಈಗಲೇ ಕೇಳಬಹುದಾ?”

ಪದ್ಮಜಾರ ಮುಖ ಅರಳುತ್ತದೆ. ಪೆನ್ನು ಅವನ ಕೈ ಸೇರುತ್ತದೆ.

“ನಮ್ಮಪ್ಪನ ಮುಂದ ಹೆಬ್ಬೆಟ್ಟು ಒತ್ತಿದಾವ್ರು ಯಾರೂ ಮೋಸ ಹೋಗ್ಲಿಲ್ರೀ,” ಎನ್ನುತ್ತಾರೆ ಅವರು. “ನನ್ನ ಪೆನ್ನು ಹಿಡದಾವ್ರೂ ಹಂಗ ಇರ್ಲಿ. ಅಷ್ಟ ಸಾಕು.”