ಹೆಂಡತಿಯ ಬಿಲ್ಲಿಗೊಂದು ಮರ

ನನ್ನ ಹೆಂಡತಿಯ ಬಲಗೈ ಭುಜದಲ್ಲಿ ಹಿಡಿದುಕೊಂಡಿದ್ದು ಒಂದು ಮಳೆಗಾಲದಲ್ಲಿ. ಬಿದ್ದಿರಲಿಲ್ಲ, ಏಟು ಬಿದ್ದಿರಲಿಲ್ಲ. ಮೊದಲು ರವಿಕೆ ತೊಡುವಾಗ ಚುಳುಕ್ ಎಂದಿತಂತೆ. ಬರುಬರುತ್ತಾ ಕೈ ಎದೆಯ ಮಟ್ಟಕ್ಕಿಂತ ಮೇಲೆ ಏಳದಾಯಿತು. ಹಾಸನದ ಡಾಕ್ಟರು ನೋಡಿ, ಕೀಲು ಬಿಗಿದುಕೊಂಡಿದೆ, ವ್ಯಾಯಾಮ ಮಾಡಿದರೆ ಬಿಡಬಹುದು, ಮಾಡದಿದ್ದರೆ ಹೀಗೇ ಉಳಿದರೂ ಉಳಿಯಿತು ಎಂದರು. ಎಳೆದು ಎಳೆದು ಅಭ್ಯಾಸ ಮಾಡಲು ಒಂದು ರಬ್ಬರ್ ಪಟ್ಟಿ ಕೊಟ್ಟು ಕಳಿಸಿದರು.

ಕೆ. ಹೊಸಕೋಟೆಯ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಅಡುಗೆ, ತೋಟ ಎಲ್ಲವನ್ನೂ ಅವಳು ಎಡಗೈಯಲ್ಲೇ ಹೇಗೋ ತೂಗಿಸಿಕೊಂಡು ಹೋದಳು. ತಲೆ ಬಾಚಿಕೊಳ್ಳುವುದು ಮಾತ್ರ ಆಗಲಿಲ್ಲ. ಸೊಂಟದವರೆಗೆ ಇಳಿಯುವ ಕೂದಲು ಅವಳದು, ಅದರ ಬಗ್ಗೆ ಸ್ವಲ್ಪ ಹೆಮ್ಮೆಯೂ ಇತ್ತು. ಒಂದು ಬೆಳಿಗ್ಗೆ ಕತ್ತರಿ ತಂದು ನನ್ನ ಮುಂದಿಟ್ಟು, "ಕತ್ತರಿಸ್ಬುಡಿ ಅತ್ಲಾಗೆ, ಪೀಡೆ ಕಳೀಲಿ" ಅಂದಳು. ಕಣ್ಣಲ್ಲಿ ನೀರಿತ್ತು. ನಾನು ಕತ್ತರಿಯನ್ನು ಪಕ್ಕಕ್ಕಿಟ್ಟು ಬಾಚಣಿಗೆ ತೆಗೆದುಕೊಂಡೆ. ನಾನು ಕಟ್ಟಿದ ಮೊದಲ ತುರುಬು ಕಾಫಿ ಮೂಟೆಯ ಬಾಯಿ ಬಿಗಿದ ಹಾಗಿತ್ತು. ಅವಳು ಕನ್ನಡಿ ನೋಡಿಕೊಂಡಳು, ಆವತ್ತು ಯಾರ ಮನೆಗೂ ಹೋಗಲಿಲ್ಲ.

ರಬ್ಬರ್ ಪಟ್ಟಿಯ ಮೇಲೆ ಅವಳಿಗೆ ಮೊದಲ ದಿನದಿಂದಲೇ ಸಿಟ್ಟು. "ಇದ್ನ ಎಳ್ಕೊಂಡ್ ಕೂತ್ಕೊಳೋಕೆ ನಂಗೇನು ಬುದ್ಧಿ ಕೆಟ್ಟೈತಾ?" ಎಂದು ಗೂಡಿನಲ್ಲಿ ತುರುಕಿದಳು.

"ಮತ್ತೇನು ಎಳೀತೀಯ ಮಾರಾಯ್ತಿ?" ಎಂದು ನಾನು ರೇಗಿದೆ.

"ಬಿಲ್ಲಾದ್ರೆ ಎಳೀತೀನಿ."

ಅವಳ ತವರು ಬೆಳಗೋಡಿನ ಕಡೆ. ಹುಡುಗಿಯಾಗಿದ್ದಾಗ ಭತ್ತದ ಗದ್ದೆಗೆ ಗಿಳಿ ಬೀಳುವ ಕಾಲದಲ್ಲಿ ಮಣ್ಣಿನ ಉಂಡೆ ಹೊಡೆಯುವ ಸಣ್ಣ ಬಿಲ್ಲು ಹಿಡಿದು ಕಾವಲು ಕೂರುತ್ತಿದ್ದಳಂತೆ. "ನಮ್ಮಣ್ಣಂದಿರು ನನ್ ಮುಂದೆ ಲೆಕ್ಕಕ್ಕೇ ಇರ್ಲಿಲ್ಲ ಕಣ್ರೀ" ಎಂದಳು. ತಮಾಷೆಗೆ ಅಂದಿದ್ದಳೋ ಏನೋ. ನನ್ನ ತಲೆಗೆ ಒಂದು ವಿಷಯ ಹೊಕ್ಕರೆ ಮುಗಿಯಿತು, ಆಮೇಲೆ ಊಟ ತಣ್ಣಗಾದರೂ ಗೊತ್ತಾಗುವುದಿಲ್ಲ. ಮೊಬೈಲಿನಲ್ಲಿ ಹುಡುಕಿದೆ. ಆಳೆತ್ತರದ ಬಿಲ್ಲು ಉದ್ದಕ್ಕೂ ನಿಧಾನವಾಗಿ ಬಾಗುವುದರಿಂದ ಎಳೆಯುವ ಕೈಗೆ ಜಗ್ಗು ಕಡಿಮೆ ಎಂದು ತಿಳಿಯಿತು. ಮಾಡಿದರೆ ಅದನ್ನೇ ಮಾಡಬೇಕು ಎಂದುಕೊಂಡೆ. ಪರದೇಶದವರೆಲ್ಲ ತಮ್ಮ ನಾಡಿನ ಯಾವುದೋ ಮರವನ್ನು ಹೊಗಳುತ್ತಿದ್ದರು. ನಮ್ಮ ಕಡೆ ಅದು ಬೆಳೆಯುವುದಿಲ್ಲ.

ಹಾಗಾಗಿ ತೋಟಕ್ಕೆ ಇಳಿದೆ. ಹುಟ್ಟಿದಾಗಿನಿಂದ ಈ ಮರಗಳ ನಡುವೆಯೇ ಇದ್ದವನು ನಾನು. ಆದರೂ ಯಾವುದು ಎಷ್ಟು ನೆರಳು ಕೊಡುತ್ತದೆ, ಯಾವುದರ ಮೇಲೆ ಮೆಣಸಿನ ಬಳ್ಳಿ ಚೆನ್ನಾಗಿ ಹತ್ತುತ್ತದೆ, ಇವೆರಡನ್ನು ಬಿಟ್ಟು ಮೂರನೆಯದನ್ನು ಕೇಳಿದವನಲ್ಲ. ಈಗ ಕಂಡ ಕಂಡ ಕೊಂಬೆಯನ್ನೆಲ್ಲ ಹಿಡಿದು ಬಗ್ಗಿಸತೊಡಗಿದೆ. ಒಂದೊಂದು ಮರಕ್ಕೂ ಒಂದೊಂದು ಸ್ವಭಾವ. ಸಿಲ್ವರ್ ಮರ ನೋಡಲು ನೆಟ್ಟಗೆ, ಬಗ್ಗಿಸಿದರೆ ಹೇಳದೆ ಕೇಳದೆ ಮುರಿದುಕೊಳ್ಳುತ್ತದೆ. ಹಳೆಯ ಕಾಫಿ ಗಿಡದ ಕಾಂಡ ಗಟ್ಟಿ, ಆದರೆ ಮೊಳದುದ್ದ ನೇರವಾಗಿ ಸಿಕ್ಕಿದರೆ ಪುಣ್ಯ. ಬಗನಿ ಮರದ ಹೊರಮೈ ಕಬ್ಬಿಣದಂತೆ ಕಪ್ಪಗೆ ಗಟ್ಟಿಯಾಗಿತ್ತು, ನನ್ನ ಅಂಗೈ ತುಂಬ ಸಿಬಿರು ಚುಚ್ಚಿ ಕಳಿಸಿತು. ಬಿದಿರು ಆಗುತ್ತಿತ್ತು, ಆದರೆ ಹಳ್ಳದ ಕಡೆಯ ಮೆಳೆಯನ್ನು ಆನೆಗಳು ತಿಂದು ತುಳಿದು ಹೋಗಿದ್ದವು. ಉಳಿದಿದ್ದ ಎಳೆಯ ಗಳ ಬಗ್ಗಿಸಿದರೆ ಬಗ್ಗಿದ ಹಾಗೇ ನಿಲ್ಲುತ್ತಿತ್ತು. ಬಾಗಬೇಕು, ಬಿಟ್ಟ ಕೂಡಲೇ ತನ್ನ ಜಾಗಕ್ಕೆ ವಾಪಸ್ ಬರಬೇಕು. ಇಷ್ಟು ಸಣ್ಣ ಕೆಲಸ ಮಾಡುವ ಮರ ಇಡೀ ತೋಟದಲ್ಲಿ ಇಲ್ಲವೇ ಎಂದು ನನಗೆ ಅಚ್ಚರಿ.

ಸಂಜೆ ಹೊತ್ತು ಹಜಾರದ ಮೆಟ್ಟಿಲ ಮೇಲೆ ಅವಳು ಕೂರುತ್ತಿದ್ದಳು, ಒಂದು ಮೆಟ್ಟಿಲು ಮೇಲೆ ನಾನು. ಸಿಕ್ಕು ಬಿಡಿಸುತ್ತಾ ಆವತ್ತು ಯಾವ ಮರ ಏನು ಮಾಡಿತು ಎಂದು ಹೇಳುತ್ತಿದ್ದೆ. "ಅದ್ಯಾಕೆ ಮುರೀತು? ಒಳ್ಗೆ ಹೆಂಗಿತ್ತು?" ಎಂದು ಅವಳು ಕೆದಕುತ್ತಿದ್ದಳು. ಮಾತಿನ ಮಧ್ಯೆ ಕೈ ಎಷ್ಟು ಏಳುತ್ತದೆ ನೋಡು ಅಂದರೆ ಎತ್ತಿ ತೋರಿಸುತ್ತಿದ್ದಳು. ಅದು ಎದೆಯ ಮಟ್ಟಕ್ಕೇ ನಿಲ್ಲುತ್ತಿತ್ತು.

ಬಾಳ್ಳುಪೇಟೆಯಲ್ಲಿ ಸಾಮಿಲ್ ಇಟ್ಟಿರುವ ಸಾಹೇಬರು ನನ್ನ ಹಳೆಯ ಸ್ನೇಹಿತರು. ಅವರ ಹತ್ತಿರ ಹೋಗಿ ವಿಷಯ ಹೇಳಿದೆ. ಅವರು ಗರಗಸ ನಿಲ್ಲಿಸಿ ನನ್ನನ್ನೇ ನೋಡಿದರು.

"ಗೌಡ್ರೇ, ಜನ ಇಲ್ಲಿಗೆ ಬಗ್ಗದೇ ಇರೋ ಮರ ಕೇಳ್ಕೊಂಡ್ ಬರ್ತಾರೆ. ಬಾಗ್ಲಿಗೆ, ಕಿಟ್ಕಿಗೆ, ತೊಲೆಗೆ. ಬಗ್ಗೋ ಮರ ಕೇಳ್ದೋರು ನೀವೇ ಮೊದ್ಲು."

ಅಲ್ಲಿಗೆ ಅವರಿಗೂ ಹುಚ್ಚು ಹತ್ತಿತು. ಹೊರಗೆ ಲಾರಿಯವನು ಹಾರನ್ ಹೊಡೆಯುತ್ತಿದ್ದರೂ ಇಬ್ಬರೂ ಚಹಾ ಕುಡಿಯುತ್ತಾ ಯೋಚಿಸಿದೆವು. ಎತ್ತಿನ ಗಾಡಿಯ ಮೂಕಿಗೆ, ಅಂದರೆ ನೊಗ ಕಟ್ಟುವ ಉದ್ದನೆಯ ಮರಕ್ಕೆ, ಹಿಂದಿನವರು ಏನು ಹಾಕುತ್ತಿದ್ದರು ಎಂದು ಅವರು ಕೇಳಿದರು. ಹೊಂಡಕ್ಕೆ ಇಳಿದಾಗ ಭಾರ ತಡೆದು ಬಾಗಿ ಮತ್ತೆ ಏಳುವುದು ಅದೇ ತಾನೇ! ಇಬ್ಬರ ಬಾಯಲ್ಲೂ ಒಟ್ಟಿಗೇ ತಡಸಲು ಎಂದು ಬಂತು. ನಮ್ಮ ಗುದ್ದಲಿಯ ಕಾವು ಕೂಡ ಅದೇ ಮರದ್ದು, ಕಲ್ಲಿಗೆ ಏಟು ಬಿದ್ದರೂ ಕೈಗೆ ನೋವು ತಟ್ಟುವುದಿಲ್ಲ. ದಿನಾ ಕೈಯಲ್ಲಿ ಹಿಡಿದಿದ್ದ ಮರವನ್ನೇ ನಾನು ಊರೆಲ್ಲ ಹುಡುಕುತ್ತಿದ್ದೆ.

"ನೆರಳಲ್ಲೇ ಒಣಗ್ಸಿ, ಮರೀಬ್ಯಾಡಿ" ಎಂದು ಕಳಿಸಿದರು.

ತೋಟದ ಕೆಳಗಿನ ಪಟ್ಟಿಯಲ್ಲಿ, ನಾನಿನ್ನೂ ಹುಡುಕದಿದ್ದ ಕಡೆ, ತಡಸಲು ಇದ್ದವು. ತೊಗಟೆಯ ಸೀಳು ನೆಟ್ಟಗೆ ಮೇಲೇರಿದ್ದರೆ ಒಳಗಿನ ನಾರೂ ನೆಟ್ಟಗಿರುತ್ತದೆ, ತೊಗಟೆ ತಿರುಚಿದ್ದರೆ ಒಳಗೂ ತಿರುಚಿರುತ್ತದೆ ಎಂಬುದು ಅಷ್ಟರಲ್ಲಿ ನನಗೆ ಗೊತ್ತಾಗಿತ್ತು. ಹುಳು ಹಿಡಿಯದಿರಲಿ ಎಂದು ಅಮಾವಾಸ್ಯೆ ನೋಡಿ ಒಂದು ನೇರವಾದ ಕೊಂಬೆ ಕಡಿದು, ಬೆಣೆ ಹೊಡೆದು ಸೀಳಿದೆ. ಇಲ್ಲಿಯವರೆಗೆ ಎಲ್ಲ ಸರಿಯಾಗಿತ್ತು.

ಕಾಫಿ ಬೆಳೆಯುವವನಿಗೆ ಒಂದು ಮೂಢನಂಬಿಕೆ ಇರುತ್ತದೆ. ಒಣಗಿಸುವುದು ಎಂದರೆ ಕಣ. ಕಾಫಿ ಇರಲಿ, ಮೆಣಸು ಇರಲಿ, ಹಪ್ಪಳ ಇರಲಿ, ನೆಂದ ಹಾಸಿಗೆ ಇರಲಿ, ಬಿಸಿಲಿನ ಕಣಕ್ಕೆ ಹಾಕಿದರೆ ಕೆಲಸ ಮುಗಿಯಿತು. ಸಾಹೇಬರು ಮರ ಕೊಯ್ಯಬಲ್ಲರು, ಒಣಗಿಸುವ ವಿದ್ಯೆಯನ್ನು ನನಗೆ ಹೇಳಿಕೊಡುವುದೇ ಎಂದು ನನಗೆ ಜಂಬ. ಕೊಯ್ಲಿನ ಕಾಲ ಬೇರೆ. ಕಾಫಿಯ ಜೊತೆಗೇ ಕೊಂಬೆಯನ್ನೂ ಕಣದಲ್ಲಿ ಮಲಗಿಸಿದೆ. ಕಾಫಿ ಕೆದರುವಾಗ ಅದನ್ನೂ ಮಗ್ಗುಲು ತಿರುಗಿಸಿದೆ, ಸಂಜೆ ರಾಶಿ ಮಾಡಿ ಟಾರ್ಪಾಲು ಹೊದಿಸುವಾಗ ಅದಕ್ಕೂ ಹೊದಿಸಿದೆ. ಒಂದು ಮಧ್ಯಾಹ್ನ ಪಟಾರ್ ಎಂದಿತು. ಹೋಗಿ ನೋಡಿದರೆ ಈ ತುದಿಯಿಂದ ಆ ತುದಿಯವರೆಗೆ ಬಿರುಕು.

ಸಾಹೇಬರಿಗೆ ಫೋನ್ ಮಾಡಿದೆ. ಅವರು ನಕ್ಕು ನಕ್ಕು ಕೆಮ್ಮಿ, "ಇನ್ನೇನ್ ಗೌಡ್ರೇ, ಕಾಫಿ ಜೊತೆ ಮೂಟೆ ಕಟ್ಟಿ ಕ್ಯೂರಿಂಗ್ ಮಿಲ್ಲಿಗೆ ಕಳಿಸ್ಬುಡಿ" ಅಂದರು.

ನನಗೆ ನಗು ಬರಲಿಲ್ಲ. ಅಷ್ಟು ತಿಂಗಳು ಕೈಜಾರಿ ಹೋಗಿದ್ದವು. ಅವಳ ಕೈ ಹಾಗೇ ನಿಂತುಬಿಟ್ಟರೆ ಎಂದು ಹೆದರಿಕೆಯಾಯಿತು. ಪೇಟೆಯಿಂದ ಒಂದು ಬಿಲ್ಲು ತರಿಸುತ್ತೇನೆ ಎಂದೆ.

"ಅಂಗ್ಡಿ ಬಿಲ್ಲು ನಂಗ್ ಬ್ಯಾಡ. ಇನ್ನೊಂದು ಕೊಂಬೆ ನೋಡಿ" ಎಂದಳು. ಎಷ್ಟು ಹೇಳಿದರೂ ಜಗ್ಗಲಿಲ್ಲ.

ಮಳೆಗೆ ಮುಂಚೆ ನೆರಳಿನ ಮರಗಳ ಕೊಂಬೆ ಸವರುವ ಮರಗಸಿಯ ಸಮಯದಲ್ಲಿ ಇನ್ನೊಂದು ಕೊಂಬೆ ಇಳಿಸಿದೆ. ಈ ಸಲ ತುದಿಗಳಿಗೆ ಸಗಣಿ ಮೆತ್ತಿ, ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಟ್ಟೆ. ಇಡೀ ಮಳೆಗಾಲ ಅಲ್ಲೇ ಇತ್ತು. ಆಗಾಗ ಏಣಿ ಹತ್ತಿ ಅದನ್ನು ಅಂಗೈ ಮೇಲೆ ತೂಗಿ ನೋಡುತ್ತಿದ್ದೆ, ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದೆ. ಮೊದಲು ದಬ್ ದಬ್ ಎನ್ನುತ್ತಿದ್ದುದು ಬರುಬರುತ್ತಾ ಠಣ್ ಎನ್ನತೊಡಗಿತು. ಹೊಗೆಗೆ ಕೆಮ್ಮುತ್ತಾ ಇಳಿದು ಬಂದು, ತಲೆ ಬಾಚುತ್ತಾ ಅದನ್ನೂ ಅವಳಿಗೆ ವರದಿ ಮಾಡುತ್ತಿದ್ದೆ.

ದೀಪಾವಳಿ ಕಳೆದ ಮೇಲೆ ಕೆತ್ತಲು ಕೂತೆ. ಮೊದಲು ಕತ್ತಿಯಲ್ಲಿ, ಆಮೇಲೆ ಒಡೆದ ಗಾಜಿನ ಚೂರಿನಲ್ಲಿ ಹೆರೆದೆ. ಬಾಗಿದಾಗ ಬಿಲ್ಲಿನ ಹೊರಬದಿಯ ಬೆನ್ನು ಹಿಗ್ಗಬೇಕು, ಒಳಬದಿಯ ಹೊಟ್ಟೆ ಕುಗ್ಗಬೇಕು, ಬೆನ್ನಿನ ಒಂದು ಎಳೆಯೂ ಕಡಿಯಬಾರದು. ಅವಳ ಭುಜಕ್ಕೆ ನೋವಾದೀತು ಎಂದು ಹೆರೆದು ಹೆರೆದು ಮೆದು ಮಾಡಿ, ಹುರಿಯ ಹೆದೆ ಕಟ್ಟಿ, ಬಿದಿರಿನ ಕಡ್ಡಿಯಲ್ಲಿ ನಾಲ್ಕು ಬಾಣವನ್ನೂ ಮಾಡಿದೆ.

ಅಂಗಳದ ಕೊನೆಗೆ ಒಂದು ಬಾಳೆದಿಂಡು ನಿಲ್ಲಿಸಿ, ಬಿಲ್ಲನ್ನು ಅವಳ ಕೈಗೆ ಕೊಟ್ಟು, "ನೋವು ಬಂದ ತಕ್ಷಣ ಬಿಟ್ಬಿಡು" ಎಂದೆ. ಅವಳು ಸೆರಗು ಸಿಕ್ಕಿಸಿಕೊಂಡು ಬಾಣ ಹೂಡಿದಳು. ಬಲಗೈ ಮೊಣಕೈಯನ್ನು ಭುಜದ ಮಟ್ಟಕ್ಕೆ ಎತ್ತಿ, ಹೆದೆಯನ್ನು ಕಿವಿಯವರೆಗೆ ಎಳೆದು, ಒಂದು ಕಣ್ಣು ಕಿರಿದು ಮಾಡಿ ಬಿಟ್ಟಳು. ಬಾಣ ದಿಂಡಿಗೆ ನೆಟ್ಟಿತು.

"ಬಿಟ್ಟೋಯ್ತು ಕಣೇ! ಕೈ ಬಿಗಿ ಬಿಟ್ಟೋಯ್ತು!" ಎಂದು ನಾನು ಕುಣಿದುಬಿಟ್ಟೆ.

ಅವಳು ಬಿಲ್ಲನ್ನು ಜಗಲಿಗೆ ಒರಗಿಸಿ, ನನ್ನ ಮುಖ ನೋಡದೆ, "ಅದು ಬಿಟ್ಟು ಬಾಳ ದಿನ ಆಯ್ತು" ಎಂದಳು.

"ಯಾವಾಗ?"

"ಯುಗಾದಿ ಹೊತ್ಗೇ, ತಂತಾನೇ."

ನನಗೆ ನೆತ್ತಿಗೇರಿತು. "ಮತ್ತೆ ಇಷ್ಟು ದಿನ ನಾಟಕ ಆಡ್ದಾ? ನಾನು ಅಟ್ಟ ಹತ್ತಿ ಹೊಗೆ ಕುಡ್ದು ಸಾಯ್ತಿದ್ರೆ ನೋಡ್ಕೊಂಡಿದ್ದಾ? ದಿನಾ ನನ್ ಕೈಲಿ ತಲೆ ಬಾಚಿಸ್ಕೊಂಡ್ಯಲ್ಲ!"

ಅವಳು ಹೋಗಿ ದಿಂಡಿನಿಂದ ಬಾಣ ಕಿತ್ತು ತಂದಳು. "ಮದ್ವೆಯಾದಾಗಿಂದ ನೀವು ಮಳೆ ಬಂತಾ, ಆಳು ಬಂದ್ರಾ, ಕಾಫಿ ರೇಟ್ ಎಷ್ಟೈತೆ, ಇಷ್ಟ್ ಬಿಟ್ರೆ ನಂಜೊತೆ ಮಾತಾಡ್ದೋರಲ್ಲ. ಮರ ಹುಡ್ಕೋಕೆ ಹೊರಟ್ಮೇಲೆ ದಿನಾ ಸಂಜೆ ಕೂತು ಏನೇನೋ ಹೇಳ್ತಿದ್ರಿ. ಕೈ ಸರಿಹೋಯ್ತು ಅಂದಿದ್ರೆ ನೀವು ಮರಾನೂ ಬಿಡ್ತಿದ್ರಿ, ನನ್ ತಲೇನೂ ಬಿಡ್ತಿದ್ರಿ."

ಅವಳು ಹೇಳಿದ್ದು ನಿಜ, ಎರಡನ್ನೂ ಬಿಟ್ಟೇಬಿಡುತ್ತಿದ್ದೆ.

ಆ ಸಂಜೆ ಅವಳೇ ಎರಡೂ ಕೈ ಹಿಂದಕ್ಕೆ ಒಯ್ದು ತುರುಬು ಕಟ್ಟಿಕೊಂಡಳು. ನಾನು ಎಂದೂ ಕಟ್ಟದಷ್ಟು ಚೆನ್ನಾಗಿತ್ತು. ಸಂತೋಷವಾಯಿತು, ಅದರ ಹಿಂದೆಯೇ ಬೇಸರವೂ ಆಯಿತು. ಮೆಟ್ಟಿಲ ಮೇಲೆ ಅವಳ ಪಕ್ಕದಲ್ಲಿ ಕೂತೆ. ಏನಾದರೂ ಹೇಳಬೇಕು ಅನ್ನಿಸಿತು, ಆದರೆ ಬರಿಗೈಯಲ್ಲಿ ಕೂತು ಮಾತು ಎಲ್ಲಿಂದ ಶುರು ಮಾಡಬೇಕೆಂದು ತೋಚಲಿಲ್ಲ. ಅವಳು ಕಾದಳು. ಆಮೇಲೆ ಕಟ್ಟಿದ್ದ ತುರುಬನ್ನು ತಾನೇ ಬಿಚ್ಚಿ, ಒಂದು ಮೆಟ್ಟಿಲು ಕೆಳಗಿಳಿದು, ನನಗೆ ಬೆನ್ನು ಮಾಡಿ ಕೂತಳು.