ಒಂದೇ ಚಾದರದ ಕೆಳಗೆ ಅತ್ತೆ, ಸೊಸೆ

"ಮಲಗ್ರಿ! ಎಲ್ಲಾರೂ ಇದ್ದಲ್ಲೇ ಮಲಗ್ರಿ! ಓಡಬ್ಯಾಡ್ರಿ!"

ಮುಂದೆ ಹೋಗುತ್ತಿದ್ದ ಮೇಷ್ಟ್ರು ಹೀಗೆ ಕೂಗಿದಾಗ ನಾನು ಮೊದಲು ಮಾಡಿದ್ದೇನು ಹೇಳಿ? ಓಡಲು ನೋಡಿದೆ. ನನ್ನ ಸೆರಗು ಹಿಡಿದು ನೆಲಕ್ಕೆಳೆದವರು ನಮ್ಮತ್ತೆ. ಎರಡು ತಿಂಗಳಿಂದ ನನ್ನ ಜೊತೆ ಒಂದು ಮಾತೂ ಆಡದಿದ್ದ ನಮ್ಮತ್ತೆ!

ಹಿಂದಿನ ಭಾನುವಾರದ ಮಾತಿದು. ಮಲೆಬೆನ್ನೂರಿನ ಆಚೆಯ ಗುಡ್ಡದಲ್ಲಿ ಪರಿಸರ ಹಬ್ಬ. ಹರಿಹರ, ದಾವಣಗೆರೆಯ ಒಂದಷ್ಟು ಉತ್ಸಾಹಿಗಳು ಸೇರಿ ಮಾಡಿದ್ದು. ಬಸ್ಸು ಫ್ರೀ, ಮಂಡಕ್ಕಿ ಮಿರ್ಚಿ ಫ್ರೀ, ಗುಡ್ಡ ಹತ್ತಿಸಿ ಗಿಡ, ಹಕ್ಕಿ ತೋರಿಸಲು ಕಾಲೇಜು ಮೇಷ್ಟ್ರೂ ಫ್ರೀ. ಪೇಪರಿನ ಜೊತೆ ಬಂದ ಪಾಂಪ್ಲೆಟ್ ನೋಡಿ ಅತ್ತೆ ಹೊರಟೇಬಿಟ್ಟರು. ಕರೆದುಕೊಂಡು ಹೋಗಬೇಕಾಗಿದ್ದ ನಮ್ಮೆಜಮಾನರಿಗೆ ಅವತ್ತೇ ಜ್ವರ. "ಅವ್ವನ ಜೊತಿ ನೀ ಹೋಗು" ಎಂದು ನನ್ನನ್ನು ಅಟ್ಟಿದರು. (ಜ್ವರ ನಿಜವೇ ಎಂದು ನನಗೆ ಈಗಲೂ ಅನುಮಾನ.)

ಮಾತು ಬಿಟ್ಟಿದ್ದು ಯಾಕೆ? ಫೋನಿನ ಸಲುವಾಗಿ. ವರ್ಷಗಟ್ಟಲೆ ಕಾದ ಮೇಲೆ ದಾವಣಗೆರೆ ಪಿ.ಜೆ. ಬಡಾವಣೆಯ ನಮ್ಮ ಮನೆಗೆ ಫೋನ್ ಬಂತು. ನಾನು ಅದನ್ನು ನಮ್ಮ ರೂಮಿನಲ್ಲಿ ಇಡಿಸಿದೆ.

"ನನ್ನ ತಮ್ಮ ಫೋನ್ ಮಾಡಿದ್ರೆ ನಾ ಗಂಡ ಹೆಂಡ್ತಿ ಮಲಗೋ ಕೋಣೆ ಬಾಗ್ಲು ಬಡೀಬೇಕೇನು?" ಎಂದರು ಅತ್ತೆ. ನಾನೂ ಏನೋ ಅಂದೆ. ಅಲ್ಲಿಂದಾಚೆಗೆ ಎಲ್ಲವೂ ನಮ್ಮೆಜಮಾನರ ಮುಖಾಂತರ. "ನಿನ್ನ ಹೆಂಡ್ತಿಗೆ ಹೇಳು, ಹಾಲು ಉಕ್ತಾ ಐತೆ." ಅವರು ಬಂದು ನನಗೆ ಹೇಳುವಷ್ಟರಲ್ಲಿ ಹಾಲು ಸ್ಟವ್ ತುಂಬಾ ಹರಿದಿರುತ್ತಿತ್ತು.

ಗುಡ್ಡದ ನೆತ್ತಿಯ ಹತ್ತಿರ ದೊಡ್ಡ ಬಂಡೆ. ಅದರಡಿ ಹೆಜ್ಜೇನು. ಸದ್ದು ಮಾಡದೆ ಬನ್ನಿ ಎಂದು ಮೇಷ್ಟ್ರು ದೂರದಿಂದಲೇ ತೋರಿಸಿದ್ದರು. ಯಾರ ಸಿಗರೇಟಿನ ಹೊಗೆಯೋ, ಯಾರ ಸೆಂಟಿನ ವಾಸನೆಯೋ ಗೊತ್ತಿಲ್ಲ. ಜೇನು ಎದ್ದಿತು.

ಚಳಿಗೆಂದು ಹೊದ್ದು ತಂದಿದ್ದ ಚಾದರವನ್ನು ಅತ್ತೆ ಇಬ್ಬರ ಮೇಲೂ ಎಳೆದರು. ಒಬ್ಬರ ಅಳತೆಯದು. ತಲೆ ಮುಚ್ಚಿದರೆ ಕಾಲು ಹೊರಗೆ. ಮೇಲೆ ಗುಂಯ್ ಎನ್ನುವ ಸದ್ದು. ಬಟ್ಟೆಯ ಮೇಲೆ ಹುಳುಗಳು ಓಡಾಡುವುದು ಬೆನ್ನಿಗೆ ತಿಳಿಯುತ್ತಿತ್ತು. ಎಲ್ಲೋ ಯಾರೋ ಚೀರಿದರು.

ಆಗ ಅತ್ತೆ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

"ಸುಮಾ, ನಂಗೆ ಜೇನು ಆಗಂಗಿಲ್ಲ. ಮದ್ವೆಗೆ ಮುಂಚೆ ಒಂದ್ಸಲ ಕಚ್ಚಿ ಗಂಟ್ಲು ಬಾತಿತ್ತು. ಉಸ್ರೇ ಆಡ್ಲಿಲ್ಲ. ದವಾಖಾನೆಗೆ ಹೊತ್ಕೊಂಡು ಹೋಗಿದ್ರು."

"ಮೊದ್ಲೇ ಯಾಕ ಹೇಳ್ಲಿಲ್ರಿ ಅತ್ತೆ?"

"ಯಾರಿಗೆ ಹೇಳ್ಲಿ? ನೀ ಮಾತಾಡ್ತಿದ್ದೇನು?"

ಚಾದರವನ್ನು ಪೂರ್ತಿ ಅವರ ಕಡೆ ಸರಿಸಿ, ಸೆರಗನ್ನು ನನ್ನ ತಲೆಗೆ ಸುತ್ತಿಕೊಂಡೆ. ಕಾಲಿಗೆ ಕಚ್ಚಿದವು. ಹಲ್ಲು ಕಚ್ಚಿ ಬಿದ್ದುಕೊಂಡೆ. ಎಷ್ಟು ಹೊತ್ತೋ! ಸದ್ದು ಕಡಿಮೆಯಾಯಿತು, ಗೆದ್ದೆವು ಅಂದುಕೊಳ್ಳುವಾಗ ಅತ್ತೆ "ಅವ್ವಾ" ಎಂದರು. ಒಂದು ಹುಳು ಒಳಗೆ ನುಗ್ಗಿ ಅವರ ಕಿವಿಯ ಹಿಂದೆ ಕಚ್ಚಿತ್ತು.

ಮೇಷ್ಟ್ರು ಉಗುರಿನಿಂದ ಕೆರೆದು ಮುಳ್ಳು ತೆಗೆದರು. ಅವರೂ ಇನ್ನೊಬ್ಬರೂ ಸೇರಿ ಅತ್ತೆಯನ್ನು ಎತ್ತಿಕೊಂಡೇ ಇಳಿಸಿದರು. ಕೆಳಗೆ ಬಂದರೆ ಬಸ್ಸಿದೆ, ಡ್ರೈವರ್ ಇಲ್ಲ! ಭತ್ತದ ಚೀಲ ಹೇರಿಕೊಂಡು ಹೊರಟಿದ್ದ ಟ್ರ್ಯಾಕ್ಟರ್‌ಗೆ ಕೈ ಅಡ್ಡ ಹಾಕಿದೆವು. ಚೀಲಗಳ ಮೇಲೆ ನಾನು, ನನ್ನ ತೊಡೆಯ ಮೇಲೆ ಅವರ ತಲೆ. ರೆಪ್ಪೆ ಬಾತಿತ್ತು. ತುಟಿ ದಪ್ಪಗಾಗುತ್ತಿತ್ತು. ಉಸಿರು ಸೀಟಿ ಊದಿದ ಹಾಗೆ. ಟ್ರ್ಯಾಕ್ಟರ್ ಎಷ್ಟು ನಿಧಾನ ಹೋಗುತ್ತದೆ ಎಂದು ಅವತ್ತು ಗೊತ್ತಾಯಿತು.

"ನಾ ಹೋದ್ರೆ... ತಮ್ಮಗೆ ಫೋನ್ ಮಾಡು. ನಿನ್ನ ಕೋಣ್ಯಾಗಿಂದ್ಲೇ ಮಾಡು."

ಆಗಲೂ ಬಿಡಲಿಲ್ಲ ನೋಡಿ! ನನಗೆ ಅಳು ತಡೆಯಲಿಲ್ಲ. "ಮಾತಾಡಬ್ಯಾಡ್ರಿ, ಉಸ್ರು ಎಳ್ಕೊಳ್ರಿ. ನಾಳೆನೇ ಫೋನ್ ಪಡಸಾಲ್ಯಾಗ ಇಡಿಸ್ತೀನಿ" ಎಂದೆ.

ಮಲೆಬೆನ್ನೂರಿನಲ್ಲಿ ಕ್ಲಿನಿಕ್ಕಿಗೆ ಬೀಗ ಹಾಕುತ್ತಿದ್ದ ಡಾಕ್ಟರು ನಮ್ಮನ್ನು ನೋಡಿ ಮತ್ತೆ ಬಾಗಿಲು ತೆಗೆದರು. ಇಂಜೆಕ್ಷನ್ ಕೊಟ್ಟರು. ನಾನು ಅತ್ತೆಯ ತುಟಿಯನ್ನೇ ನೋಡುತ್ತಾ ಕೂತೆ. ಬಹಳ ಹೊತ್ತಿನ ಮೇಲೆ ಆ ಸೀಟಿ ನಿಂತಿತು. "ಇನ್ನೊಂಚೂರು ತಡ ಆಗಿದ್ರೆ ಕಷ್ಟ ಇತ್ತಮ್ಮ" ಎಂದರು ಡಾಕ್ಟರು.

ಅತ್ತೆ ಕಣ್ಣು ಬಿಟ್ಟು ಕೇಳಿದ್ದು, "ನಿನ್ನ ಕಾಲಿಗೇನು ಹಚ್ಚಿದ್ರು?"

ಈಗ ಅತ್ತೆ ಆರಾಮ. ಓಣಿಗೆಲ್ಲ ಕಥೆ ಹೇಳಿ ಮುಗಿಸಿದ್ದಾರೆ. ಫೋನು ಪಡಸಾಲೆಗೆ ಬಂದಿದೆ. ನನ್ನ ಜೊತೆ ದಿನವೂ ಮಾತಾಡುತ್ತಾರೆ. (ಬೈಗುಳವೇ ಜಾಸ್ತಿ.)

ಗುಡ್ಡ ಹತ್ತುವ ಮೊದಲು ಮೇಷ್ಟ್ರು, "ಯಾರಿಗಾದ್ರೂ ಏನಾದ್ರೂ ತೊಂದ್ರೆ ಐತೇನ್ರಿ?" ಎಂದು ಕೇಳಿದ್ದರು. ಅತ್ತೆ ಸುಮ್ಮನಿದ್ದರು. ಹೇಳಲು ನನಗೆ ಗೊತ್ತೇ ಇರಲಿಲ್ಲ. ಅತ್ತೆಯ ಸಾರಿಗೆ ಹುಣಸೆ ಎಷ್ಟು ಬೇಕೆಂದು ಗೊತ್ತು, ಅವರ ಜೀವಕ್ಕೆ ಏನು ಆಗಿಬರುವುದಿಲ್ಲ ಎಂದು ಗೊತ್ತಿಲ್ಲ!

ಎದುರಿಗಿದ್ದವರು ನಾಳೆಯೂ ಇರುತ್ತಾರೆ ಎಂಬ ಧೈರ್ಯದಿಂದಲೇ ಅಲ್ಲವೇ ನಾವು ಮಾತು ಬಿಡುವುದು? ಆ ಟ್ರ್ಯಾಕ್ಟರಿನಲ್ಲೇ ಅತ್ತೆ ಹೋಗಿಬಿಟ್ಟಿದ್ದರೆ, ನಮ್ಮ ಜಗಳವನ್ನು ನಾನು ಯಾರ ಜೊತೆ ಮುಗಿಸಬೇಕಿತ್ತು?