ಒಳಗಿನ ಚಿಲಕ

ಅಮ್ಮಾವ್ರ ಹಣೆಯ ವಿಭೂತಿಯ ಮೂರು ಗೆರೆಗಳಲ್ಲಿ ಕೆಳಗಿನದು ಯಾವಾಗಲೂ ಅಳಿಸಿಹೋಗಿರುತ್ತಿತ್ತು. ಮಣ್ಣಾದ ಕೈಯ ಹಿಂಬದಿಯಿಂದ ಬೆವರು ಒರೆಸಿಕೊಳ್ಳುವ ಅಭ್ಯಾಸ. ಬಿಸಿಲೇರುವಷ್ಟರಲ್ಲಿ ವಿಭೂತಿಯ ಜಾಗದಲ್ಲಿ ಕೆಮ್ಮಣ್ಣಿನ ಗೆರೆ ಬಂದಿರುತ್ತಿತ್ತು. ಆವತ್ತು ವ್ಯಾನಿನಲ್ಲಿ ಪಕ್ಕದಲ್ಲಿ ಕೂತು ಆ ಗೆರೆಯನ್ನೇ ನೋಡುತ್ತಾ, ಏನೇನು ಕೆಡಬಹುದು ಎಂದು ನಾನು ಮನಸ್ಸಿನಲ್ಲೇ ಒಪ್ಪಿಸುತ್ತಿದ್ದೆ. ಟೈರು ಪಂಕ್ಚರಾಗಬಹುದು. ರೈಲ್ವೆ ಗೇಟು ಹಾಕಿರಬಹುದು. ಸಸಿಗಳ ಬೇರಿಗೆ ಹುಳ ಹತ್ತಿರಬಹುದು. ಕಡಕೊಳದ ಕಾರ್ಖಾನೆಯವರು ಉದ್ಘಾಟನೆಯನ್ನು ಹೇಳಿದ್ದಕ್ಕಿಂತ ಮೊದಲೇ ಇಟ್ಟುಕೊಳ್ಳಬಹುದು. ಇವರು ಹೋದಲ್ಲಿ ಜಗಳಕ್ಕೆ ನಿಲ್ಲಬಹುದು. ನಾಯಿ ಕಚ್ಚಬಹುದು, ಕಚ್ಚಿದರೆ ಖಂಡಿತ ನನಗೇ.

ಇದು ತೊಂಬತ್ತರ ದಶಕದ ಕೊನೆಯ ಮಾತು. ಅವರು ನಮ್ಮ ಉದ್ಯಾನ ಕಂಪನಿಯ ಒಡತಿ. ಕೆಲಸದವರಿಗೆಲ್ಲ ಅಮ್ಮಾವ್ರು, ನನಗೂ ಅಮ್ಮಾವ್ರು. ನಾನು ಸೂಪರ್‌ವೈಸರ್, ಅಂದರೆ ಗಿಡ ನೆಡುವವರ ಹಿಂದೆ ನಿಂತು ಚಿಂತೆ ಮಾಡುವುದು ನನ್ನ ಕೆಲಸ. ಮೈಸೂರಿನ ಲಷ್ಕರ್ ಮೊಹಲ್ಲಾದ ಪಾತ್ರೆ ಅಂಗಡಿಯ ಮಹಡಿಯಲ್ಲಿ ನಮ್ಮ ಆಫೀಸು, ದಟ್ಟಗಳ್ಳಿಯಲ್ಲಿ ಇನ್ನೂ ಹೊಲಗಳಿದ್ದ ಕಾಲದಲ್ಲಿ ಕೊಂಡ ತೋಟ. ಗಂಡ ತೀರಿಕೊಂಡ ಮೇಲೆ ಅಮ್ಮಾವ್ರು ಆ ತೋಟದ ಪುಟ್ಟ ಮನೆಯಲ್ಲೇ ಒಬ್ಬರೇ ಇದ್ದರು.

ಅವರದೊಂದು ನಿಯಮವಿತ್ತು. ಮಣ್ಣಾಗಲಿ, ಕುಂಡವಾಗಲಿ, ಹುಲ್ಲುಹಾಸಾಗಲಿ, ಯಾರಿಂದ ಕೊಳ್ಳುವುದಿದ್ದರೂ ಮೊದಲು ಅಲ್ಲಿಯ ಕೆಲಸದವರು ಮಲಗುವ ಕಡೆ ಹೋಗಿ ನೀರು ಕೇಳಿ ಕುಡಿಯಬೇಕು. ಮಾಲೀಕ ತರಿಸಿಟ್ಟ ಕಾಫಿ ಆರಿ ಕೆನೆಗಟ್ಟುತ್ತಿತ್ತು. ನೀರು ಕುಡಿಯುತ್ತಾ ಅವರು ನೋಡುತ್ತಿದ್ದುದು ಬಾಗಿಲನ್ನು. "ಚಿಲಕ ಒಳಗಿರ್ಬೇಕು ಕಣ್ರೀ. ಬೀಗ ಹೊರಗಿದ್ರೆ ಇರ್ಲಿ, ಕೀಲಿ ಅವ್ರ ಸೊಂಟದಲ್ಲೇ ಇರ್ಬೇಕು" ಎನ್ನುತ್ತಿದ್ದರು. ಒಬ್ಬ ಕುಂಡದ ವ್ಯಾಪಾರಿ ನನ್ನ ಕಿವಿಯಲ್ಲಿ, "ಈಯಮ್ಮ ಕುಂಡ ತಗೊಳಕ್ಕೆ ಬಂದವ್ರೋ, ಹೆಣ್ ನೋಡಕ್ಕೆ ಬಂದವ್ರೋ?" ಎಂದಿದ್ದ. ಅಮ್ಮಾವ್ರಿಗೆ ಕೇಳಿಸಿಬಿಟ್ಟಿತು. "ಹೆಣ್ ನೋಡೋಕೆ ಬಂದಿದ್ರೆ ಉಪ್ಪಿಟ್ಟು ಕೇಳ್ತಿದ್ದೆ ಕಣಪ್ಪಾ" ಎಂದರು.

ನಾವು ಆವತ್ತು ಹೊರಟಿದ್ದು ನಂಜನಗೂಡು ರಸ್ತೆಯಿಂದ ಒಳಗಿದ್ದ ಒಂದು ನರ್ಸರಿಗೆ. ಕಡಕೊಳದ ಹೊಸ ಕಾರ್ಖಾನೆಯ ಸುತ್ತ ತೋಟ ಮಾಡಿಕೊಡುವ ಕೆಲಸಕ್ಕೆ ಬೇಕಾದ ಸಸಿಗಳೆಲ್ಲ ಅಲ್ಲಿದ್ದವು. ಬೇರೆ ಕಡೆ ಸಿಗುವ ಹಾಗಿರಲಿಲ್ಲ. ಆ ಕೆಲಸ ಕೈಗೂಡಿದ್ದರೆ ಕಂಪನಿ ತನ್ನ ಕಾಲ ಮೇಲೆ ನಿಲ್ಲುತ್ತಿತ್ತು. ಅಮ್ಮಾವ್ರು ಸೀದಾ ಹಿಂದಿನ ತಗಡಿನ ಶೆಡ್ಡಿನ ಕಡೆ ನಡೆದರು. ಸಸಿಯ ಪಾಕೀಟಿಗೆ ಮಣ್ಣು ತುಂಬುತ್ತಿದ್ದ, ಕೊಳ್ಳೇಗಾಲದ ಕಡೆಯ ಹೆಂಗಸೊಬ್ಬಳು ಎದ್ದು ಚೊಂಬಿನಲ್ಲಿ ನೀರು ತಂದುಕೊಟ್ಟಳು. ಶೆಡ್ಡಿನ ಬಾಗಿಲಿಗೆ ಒಳಗೆ ಏನೂ ಇರಲಿಲ್ಲ. ಹೊರಗೆ ಮಾತ್ರ ದಪ್ಪನೆಯ ಚಿಲಕ.

"ಇದ್ಯಾಕ್ರೀ ಹೊರಗಡೆ?"

"ರಾತ್ರಿ ಹೊತ್ತು ನಾಯಿ ಬತ್ತವೆ ಅಮ್ಮಾ," ಎಂದ ಮಾಲೀಕ.

"ಒಳಗೆ ಗಾಳಿ ಬರುತ್ತಾ? ಹೋಗಿ ನೋಡಿ ಹೇಳಿ, ನಂಗೆ ಮಂಡಿನೋವು."

ಅವನು ಬಗ್ಗಿ ಒಳಗೆ ಹೋದ. ಅಮ್ಮಾವ್ರು ಬಾಗಿಲು ಎಳೆದು ಚಿಲಕ ಹಾಕಿಬಿಟ್ಟರು. ನನ್ನ ಪಟ್ಟಿಯಲ್ಲಿ ಇದಿರಲಿಲ್ಲ. ಒಳಗಿನಿಂದ ಅವನು ತಗಡನ್ನು ದಬದಬ ಬಡಿಯತೊಡಗಿದ.

"ಏನಮ್ಮಾ ಇದು ತಮಾಷೆ? ತೆಗೀರಿ!"

"ನಾಯಿ ಬತ್ತವೆ ಅಂದ್ರಲ್ಲಾ," ಎಂದರು ಅಮ್ಮಾವ್ರು, ಉಳಿದ ನೀರು ಕುಡಿಯುತ್ತಾ.

ಚಿಲಕ ತೆಗೆದಾಗ ಅವನು ಬೆವೆತು ನೀರಾಗಿದ್ದ. ಸಿಟ್ಟಿನಲ್ಲಿ ನಿಜವೇ ಬಂತು: "ಮುಂಗಡ ತಿಂದವ್ರೆ ಕಣಮ್ಮ! ಓಡೋಗ್ಬುಟ್ರೆ ನೀವ್ ಕೊಡ್ತೀರಾ?" ನೀರು ಕೊಟ್ಟ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ನಗುತ್ತಿದ್ದಾಳೆ ಅಂದುಕೊಂಡೆ. ಚೊಂಬು ತಗೊಳ್ಳಲು ಬಗ್ಗಿದವಳು ಮೆಲ್ಲಗೆ, "ನಮ್ಮುನ್ನೂ ಕರ್ಕೊಂಡೋಗಿ ಅಮ್ಮಾ" ಎಂದಳು.

"ಬತ್ತೀನಿ ಇರು," ಎಂದರು ಅಮ್ಮಾವ್ರು.

ಸಸಿ ಮುಟ್ಟದೆ ವ್ಯಾನು ಹತ್ತಿದೆವು. ಮೈಸೂರಿಗೆ ಬಂದವರೇ ಅಮ್ಮಾವ್ರು, ಜೀತದವರನ್ನು ಬಿಡಿಸುವ ಅಧಿಕಾರವಿದ್ದ ಅಸಿಸ್ಟೆಂಟ್ ಕಮಿಷನರ್ ಕಚೇರಿಯ ಬೆಂಚಿನ ಮೇಲೆ ಕೂತರು. "ಸಾಹೇಬ್ರು ಮೀಟಿಂಗಲ್ಲವ್ರೆ" ಎಂದ ಜವಾನ. "ಮುಗೀಲಿ ಬಿಡಪ್ಪಾ, ನನಗೇನೂ ಮೀಟಿಂಗ್ ಇಲ್ಲ" ಎಂದರು. ನಾನು ಕಾರ್ಖಾನೆಯ ಮಾತೆತ್ತಿದೆ. "ಅಮ್ಮಾ, ಇದು ಕೈ ಬಿಟ್ಟೋದ್ರೆ ನಮ್ ಕಂಪನಿ…" ಅವರು ಹಣೆ ಒರೆಸಿಕೊಂಡರು. "ಆ ಬಾಗ್ಲು ನೋಡಿದ್ಮೇಲೆ ಆ ಗಿಡಕ್ಕೆ ನೀರು ಹಾಕ್ಬುಡ್ತೀರೇನ್ರೀ ನೀವು?" ಸಂಜೆಯ ಹೊತ್ತಿಗೆ ಸರ್ಕಾರಿ ಜೀಪು ನಮ್ಮ ವ್ಯಾನಿನ ಹಿಂದೆ ನರ್ಸರಿಗೆ ಬಂತು. ಆ ಶೆಡ್ಡಿನವರೆಲ್ಲ ಬಿಡುಗಡೆಯಾಗಿ ತಂತಮ್ಮ ಊರಿಗೆ ಹೋದರು. ಕಾರ್ಖಾನೆಯ ಕೆಲಸ ಬೇರೆಯವರ ಪಾಲಾಯಿತು. ನಮ್ಮ ಕಂಪನಿ ಕುಗ್ಗಿ, ನಾಲ್ಕು ಮನೆಗಳ ಅಂಗಳಕ್ಕೆ ಹುಲ್ಲು ಹಾಕುವ ಮಟ್ಟಕ್ಕೆ ಬಂತು.

ನೀರು ಕೊಟ್ಟ ಹೆಂಗಸು ಮಾತ್ರ ಕೆಲವು ತಿಂಗಳ ಮೇಲೆ ಊರಿನಿಂದ ತಾನಾಗಿ ನಮ್ಮ ತೋಟ ಹುಡುಕಿಕೊಂಡು ಬಂದಳು. ಅಮ್ಮಾವ್ರು ತಮ್ಮ ಮನೆಯ ಪಕ್ಕದ ಕೋಣೆ ಕೊಟ್ಟರು. ಬಡಗಿಯನ್ನು ಕರೆಸಿ, ತಾವೇ ಎದುರು ನಿಂತು, ಒಳಗಡೆ ಹಿತ್ತಾಳೆಯ ಚಿಲಕ ಹಾಕಿಸಿದರು. ಅಂಥದೇ ಒಂದು ತಮ್ಮ ಬಚ್ಚಲುಮನೆಗೂ ಹಾಕಿಸಿಕೊಂಡರು.

ವರ್ಷಗಳು ಹೋದವು. ದಟ್ಟಗಳ್ಳಿಯ ಹೊಲಗಳೆಲ್ಲ ಸೈಟುಗಳಾದವು. ಒಂದು ಬೆಳಗ್ಗೆ ನಾನು ತೋಟಕ್ಕೆ ಬಂದಾಗ ಆ ಹೆಂಗಸು ಅಮ್ಮಾವ್ರ ಬಚ್ಚಲ ಬಾಗಿಲನ್ನು ಎರಡೂ ಕೈಯಲ್ಲಿ ಬಡಿಯುತ್ತಿದ್ದಳು. ಒಳಗೆ ಬಕೆಟ್ ತುಂಬಿ ಹರಿಯುವ ಸದ್ದು ಬಿಟ್ಟರೆ ಏನೂ ಇಲ್ಲ. ಭುಜ ಕೊಟ್ಟು ನೂಕಿದೆ, ಬಾಗಿಲು ಅಲುಗಲಿಲ್ಲ. ಹಾರೆ ತಂದು ಮೀಟಿ ಒಳಗೆ ಹೋಗುವ ಹೊತ್ತಿಗೆ ಅಮ್ಮಾವ್ರು ಹಂಡೆಯ ಪಕ್ಕ ಒರಗಿದ್ದರು. ಹಣೆ ತೊಳೆದು ಚೊಕ್ಕವಾಗಿತ್ತು. ವಿಭೂತಿಯೂ ಇಲ್ಲ, ಮಣ್ಣೂ ಇಲ್ಲ. ಆ ಹಣೆಯನ್ನು ನಾನು ಬರಿದಾಗಿ ನೋಡಿದ್ದು ಅದೇ ಮೊದಲು. "ಸ್ವಲ್ಪ ಮುಂಚೆ ಸಿಕ್ಕಿದ್ರೆ ನೋಡಬಹುದಿತ್ತು" ಎಂದರು ಡಾಕ್ಟರು.

ಪಂಕ್ಚರಿನಿಂದ ಹಿಡಿದು ನಾಯಿಯವರೆಗೆ ಜೀವಮಾನವಿಡೀ ಚಿಂತೆ ಮಾಡಿದ ನನಗೆ, ಆ ಬೆರಳುದ್ದದ ಹಿತ್ತಾಳೆ ತುಂಡಿನ ಬಗ್ಗೆ ಒಂದು ದಿನವೂ ಚಿಂತೆಯಾಗಿರಲಿಲ್ಲ.

ಕಾರ್ಯಗಳು ಮುಗಿದ ಮಾರನೆಯ ದಿನ ಸ್ಕ್ರೂಡ್ರೈವರ್ ಹಿಡಿದು ತೋಟಕ್ಕೆ ಹೋದೆ. ಆ ಹೆಂಗಸಿನ ಕೋಣೆಯ ಚಿಲಕಕ್ಕೆ ಕೈ ಹಾಕಿದಾಗ ಅವಳು ಎದ್ದು ಬಂದಳು.

"ಏನ್ ಮಾಡ್ತಿದ್ದೀರಿ ಸಾ?"

"ತೆಗ್ದುಬುಡ್ತೀನಿ ಕಣಮ್ಮ. ನಾಳೆ ನಿಂಗೂ ಅಂಗೇ ಆಗ್ಬುಟ್ರೆ ಯಾರು ಬಾಗ್ಲು ಒಡೀತಾರೆ?"

"ಆಗ್ಲಿ ಬುಡಿ," ಎಂದಳು. "ಅಮ್ಮಾವ್ರು ನಿಂತ್ಕಂಡು ಆಕ್ಸಿದ್ದು. ಮುಟ್ಬ್ಯಾಡಿ."

ನನ್ನ ಕೈಯನ್ನು ಮೆಲ್ಲಗೆ ಸರಿಸಿ ಬಾಗಿಲು ಮುಚ್ಚಿಕೊಂಡಳು. ಒಳಗೆ ಚಿಲಕ ಬಿದ್ದ ಸದ್ದಾಯಿತು. ನಾನು ಸ್ಕ್ರೂಡ್ರೈವರ್ ಹಿಡಿದುಕೊಂಡು ಹೊರಗೇ ನಿಂತಿದ್ದೆ.